ಯಾರದೂ ಅಲ್ಲದ ನೆರಳು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಎದ್ದು ಹೋಗುವುದನ್ನು ಬಿಟ್ಟಿದ್ದೇನೆ. ಯಾಕೆಂದು ಹೇಳುತ್ತೇನೆ, ನಗುವವರು ನಗಲಿ.

ನಾನು ಓದಿದ್ದು ಆರನೇ ಇಯತ್ತೆ. ವಿಜಯಪುರದ ಕಡೆಯಿಂದ ಪುಣೆಗೆ ಬಂದು ಅಂಗಡಿಗಳ ಬೋರ್ಡು ಬರೆದೆ. ಫ್ಲೆಕ್ಸ್ ಬಂದು ಆ ಹೊಟ್ಟೆಪಾಡು ಹೋದಾಗ ಅಳುತ್ತ ಕೂರಲಿಲ್ಲ. ಆಯಿಲ್ ಬಣ್ಣದಲ್ಲಿ ನಿಸರ್ಗಚಿತ್ರ ಬರೆಯುವುದನ್ನು ನಾನೇ ಕಲಿತೆ. ಮೊಬೈಲಿನ ಫೋಟೊ ನೋಡಿ ಬರೆಯುವವನಲ್ಲ. ಜಾಗಕ್ಕೆ ಹೋಗಿ ಕಂಡದ್ದನ್ನು ಬರೆಯುತ್ತೇನೆ. ಕಾಣದ್ದನ್ನು ಒಂದು ಗೆರೆಯೂ ಬರೆಯುವುದಿಲ್ಲ. ಗಿರಾಕಿಗಳ ಮುಂದೆ ಇದನ್ನು ಎದೆಯುಬ್ಬಿಸಿ ಹೇಳುತ್ತಿದ್ದೆ. ನನ್ನ ಆಸ್ತಿಯೆಂದರೆ ಈ ಕಣ್ಣು ಮತ್ತು ಕೈ, ಅಷ್ಟೇ.

ಕೆಲವು ವರ್ಷಗಳ ಹಿಂದೆ, ಪುಣೆಯ ಖಡಕಿಯಲ್ಲಿ ಹೋಟೆಲ್ ನಡೆಸುವ ಮಂಗಳೂರು ಕಡೆಯ ಶೆಟ್ಟರು ಸೂರ್ಯಾಸ್ತದ ಚಿತ್ರ ಬೇಕೆಂದರು. ಬೇಸಿಗೆಯ ಒಂದು ಸಂಜೆ ಸಾಸವಡದ ಆಚೆ, ಕಟಾವಾದ ಜೋಳದ ಹೊಲದಲ್ಲಿ ಕ್ಯಾನ್ವಾಸಿನ ಸ್ಟ್ಯಾಂಡು ನಿಲ್ಲಿಸಿದೆ. ಹೆಂಡತಿ ಕಸ್ತೂರಿ ಚಹಾ ತಂದು ಪಕ್ಕದಲ್ಲಿ ಕೂತಿದ್ದಳು. ಎದುರಿಗೆ ಗುಡ್ಡ, ಅದರ ಮೇಲೆ ಸೂರ್ಯ, ನಡುವೆ ಒಂದೇ ಬೇವಿನ ಮರ. ಮುಳುಗುವ ಹೊತ್ತಿನ ಬಣ್ಣ ಯಾರಿಗೂ ಕಾಯುವುದಿಲ್ಲ. ಅವಸರದಲ್ಲಿ ಆಕಾಶ ಮುಗಿಸಿ ನೆಲಕ್ಕೆ ಇಳಿದೆ. ಮರದ ನೆರಳು ನಮ್ಮ ಕಡೆಗೇ ಉದ್ದಕ್ಕೆ ಚಾಚಿತ್ತು. ಅದರ ಬಲಕ್ಕೆ ಇನ್ನೊಂದು, ಸಣ್ಣದು. ಎರಡನ್ನೂ ಬರೆದೆ.

ಚಹಾ ಕೊಡಲು ಎದ್ದ ಕಸ್ತೂರಿ ಚಿತ್ರ ನೋಡಿದಳು. "ಅಲ್ರೀ, ಇದು ಗಿಡದ ನೆರಳು. ಇದು ಯಾರ್ದು?"

"ಯಾವ್ದರೆ ಕಂಬದ್ದಿರಬೇಕು" ಎಂದು ತಲೆ ಎತ್ತಿದೆ. ಕಂಬ ಇರಲಿಲ್ಲ. ಮನುಷ್ಯರೂ ಇರಲಿಲ್ಲ. ನೆಲದ ಮೇಲೆ ನೆರಳು ಮಾತ್ರ ಇತ್ತು. ತಲೆ, ಹೆಗಲು, ಎರಡು ಕಾಲು.

"ಅಲ್ಲಿ ನೋಡು, ಕಾಣ್ತದೇನು?"

"ಎಲ್ಲೆ ಅದ ರೀ? ನನಗೇನೂ ಕಾಣವಲ್ದು. ಬಣ್ಣದ ವಾಸನಿ ತಲಿಗೇರೇದೇನು ನಿಮಗ?"

ನನಗೆ ದೆವ್ವದ ನೆನಪು ಬರಲಿಲ್ಲ. ಕಣ್ಣು ಹೋಯಿತು ಅನಿಸಿತು. ಕಣ್ಣು ಹೋದರೆ ಆರನೇ ಇಯತ್ತೆಯವನಿಗೆ ಉಳಿಯುವುದೇನು? ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ. ನೆರಳು ಇದ್ದಲ್ಲೇ ಇತ್ತು.

"ಆ ಗಿಡದ ಬಲಕ್ಕ ಹೋಗಿ ನಿಲ್ಲು" ಎಂದೆ. ಕಣ್ಣಿನ ದೋಷವೋ ಅಲ್ಲವೋ ತಿಳಿಯಬೇಕಿತ್ತು. ಅವಳು ನಗುತ್ತ ಹೋದಳು. ಎದುರು ಬಿಸಿಲಿಗೆ ಅವಳ ಕೂದಲು, ಸೆರಗಿನ ಅಂಚು ಬಂಗಾರದಂತೆ ಹೊಳೆಯುತ್ತಿದ್ದವು. ನೆರಳಿನೊಳಗೆ ಕಾಲಿಟ್ಟದ್ದೇ ಆ ಹೊಳಪು ಪೂರ್ತಿ ಆರಿತು.

"ಈ ಕಡೆ ಬಾ!" ಎಂದು ಕೂಗಿದೆ.

"ಹಾವು ಕಂಡಂಗ ಯಾಕ ಒದರ್ತೀರಿ? ಇಲ್ಲೆ ಭಾಳ ತಂಪದ ನೋಡ್ರಿ. ನೀವೂ ಬರ್ರಿ."

ನಾನು ಹೋಗಲಿಲ್ಲ. ಓಡಿ ಹೋಗಿ ಅವಳನ್ನು ಎಳೆದು ತರಬೇಕಿತ್ತು, ಆದರೆ ಬ್ರಷ್ ಹಿಡಿದು ನಿಂತಲ್ಲೇ ನಿಂತೆ. ಅವಳು ತಾನಾಗಿಯೇ ಬಂದಳು. ಬರುವಾಗ ಕೂದಲು ಮತ್ತೆ ಹೊಳೆಯಿತು. ಸ್ವಲ್ಪ ಹೊತ್ತಿಗೆ ಸೂರ್ಯ ಗುಡ್ಡದ ಹಿಂದೆ ಇಳಿದ. ನೆಲದ ಮೇಲಿನ ನೆರಳುಗಳೆಲ್ಲ ಹೋದವು. ಕ್ಯಾನ್ವಾಸಿನ ಮೇಲಿನದು ಹಸಿಯಾಗಿ ಉಳಿಯಿತು.

ಮರುದಿನವೇ ಕಣ್ಣಿನ ಡಾಕ್ಟರರ ಹತ್ತಿರ ಹೋದೆ. ಹನಿ ಹಾಕಿ, ಬೆಳಕು ಬಿಟ್ಟು, ಎಲ್ಲ ನೋಡಿ, "ಕಾಕಾ, ಡೋಳೆ ಏಕದಮ್ ಛಾನ್!" ಎಂದರು. ಕಣ್ಣು ಚೆನ್ನಾಗಿದೆಯೆಂದು ಕಸ್ತೂರಿ ದೇವರಿಗೆ ಕಾಯಿ ಒಡೆಸಿದಳು. ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ಕಣ್ಣು ಸುಳ್ಳು ಹೇಳಿಲ್ಲವೆಂದರೆ ಅಲ್ಲಿ ನಿಂತವರು ಯಾರು?

ಶೆಟ್ಟರು ಚಿತ್ರ ನೋಡಿ, "ಅಲ್ಲಿ ಒಂದು ಜನವನ್ನು ನಿಲ್ಲಿಸಿಬಿಡಿ ಮಾರಾಯ್ರೇ, ನೆರಳಿಗೆ ಸರಿಯಾಗ್ತದೆ" ಎಂದರು. ಬ್ರಷ್ ಹಿಡಿದೆ. ಯಾರನ್ನು ನಿಲ್ಲಿಸಲಿ? ಕೈ ಬರಲಿಲ್ಲ. ಚಾಕುವಿನಿಂದ ಕೆರೆಯಲೂ ಮನಸ್ಸಾಗಲಿಲ್ಲ, ಅದು ಕಂಡದ್ದೇ ಆಗಿತ್ತಲ್ಲ. ಅವರಿಗೆ ಬೇರೆ ಚಿತ್ರ ಬರೆದುಕೊಟ್ಟೆ. ಇದು ನಮ್ಮ ಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ.

ಇವತ್ತಿಗೂ ಸೂರ್ಯಾಸ್ತ ಬರೆಯುತ್ತೇನೆ. ಸ್ಟ್ಯಾಂಡು ನಿಲ್ಲಿಸಿದ ಮೇಲೆ ಕಸ್ತೂರಿ ಮುಂದೆ ಹೋಗಿ ಹೊಲದಲ್ಲೆಲ್ಲ ಒಂದು ಸುತ್ತು ನಡೆದು ಬರುತ್ತಾಳೆ. ಯಾಕೆಂದು ಅವಳು ಕೇಳುವುದಿಲ್ಲ, ನಾನೂ ಹೇಳಿಲ್ಲ. "ಎಲ್ಲಾ ಕಡೆ ಬಿಸಲದ ರೀ, ಎಲ್ಲೂ ತಂಪಿಲ್ಲ, ಬರೀರಿ" ಎಂದು ಅವಳು ಕೂಗಿದ ಮೇಲೆಯೇ ನಾನು ಬಣ್ಣದ ಟ್ಯೂಬು ತೆರೆಯುವುದು.