ಮೂರನೆಯ ಕೈ

ಆ ಮಧ್ಯಾಹ್ನ ಮಸ್ಕಿಯ ದವಾಖಾನೆಯ ಒಳಕೋಣೆಯಲ್ಲಿ ಇದ್ದವರು ಮೂವರೇ. ಹೆರಿಗೆ ನೋವು ತಿನ್ನುತ್ತಿದ್ದ ಯಂಕಮ್ಮ, ಅವಳ ತಲೆದೆಸೆಗೆ ಕೂತ ಅತ್ತೆ, ಮತ್ತು ಹೆರಿಗೆ ಮಾಡಿಸುವುದನ್ನು ಇನ್ನೂ ಕಲಿಯುತ್ತಿದ್ದ ನಾನು. ಬಾಗಿಲಿನ ಚಿಲಕ ಹಾಕಿದವಳೂ ನಾನೇ, ತೆಗೆದವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದಿನದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ದೆವ್ವ, ಗಾಳಿ ಎಂದರೆ ನಗುತ್ತಿದ್ದವಳು ನಾನು. "ಹೆಣಾ ಕೊಯ್ದು ಕಲ್ತಾಕಿಗಿ ದೆವ್ವನ ಅಂಜತಾವ ಬಿಡವ್ವಾ" ಎಂದು ನಮ್ಮಜ್ಜಿ ಆಡಿಕೊಳ್ಳುತ್ತಿದ್ದಳು.

ಅದು ನಿಜಾಮರ ಕಾಲ, ಕಚೇರಿಯ ಕಾಗದಗಳೆಲ್ಲ ಉರ್ದುವಿನಲ್ಲಿ. ನಮ್ಮ ಮನೆ ಸಿಂಧನೂರಿನಲ್ಲಿ. ಆದರೆ ಸೋದರಮಾವ ಹೊಳೆಯಾಚೆ, ಇಂಗ್ಲಿಷರ ಸೀಮೆಯ ಬಳ್ಳಾರಿಯಲ್ಲಿದ್ದುದರಿಂದ ಅಲ್ಲಿಯೇ ಓದಿದೆ, ಡಾಕ್ಟರಿಯನ್ನು ಮದರಾಸಿನಲ್ಲಿ ಮುಗಿಸಿದೆ. ಹೀಗಾಗಿ ಉರ್ದು ಮಾತಾಡಲು ಬರುತ್ತಿತ್ತೇ ಹೊರತು ಓದಲು ಒಂದಕ್ಷರವೂ ಬರುತ್ತಿರಲಿಲ್ಲ. ಹೆರಿಗೆ ಕೆಲಸದಲ್ಲಿ ಕೈ ಪಳಗಲಿ ಎಂದು ಲಿಂಗಸುಗೂರಿನ ಹೆಂಗಸರಿಗೆಂದೇ ಇದ್ದ ಒಂದು ಖಾಸಗಿ ಜನಾನಾ ದವಾಖಾನೆಗೆ ಸೇರಿಕೊಂಡೆ. ಅದು ಈಗಿಲ್ಲ. ಮಸ್ಕಿಯಲ್ಲೂ ಸಿಂಧನೂರಿನಲ್ಲೂ ಅದಕ್ಕೆ ಎರಡೆರಡು ಕೋಣೆಯ ಶಾಖೆಗಳಿದ್ದವು. ಮೂರೂ ಕಡೆ ದುಡಿದು, ಗೊತ್ತುಮಾಡಿದಷ್ಟು ಹೆರಿಗೆ ಮಾಡಿಸಿದರೆ, ದವಾಖಾನೆ ನಡೆಸುತ್ತಿದ್ದ ದೊಡ್ಡ ಡಾಕ್ಟರಮ್ಮ ಸರ್ಟಿಫಿಕೇಟಿಗೆ ಸಹಿ ಹಾಕುತ್ತಿದ್ದರು.

ಆದರೆ ಹೆರುವವರು ಬರಬೇಕಲ್ಲ! ದವಾಖಾನೆಗೆ ಹೋದವಳು ನಡೆದುಕೊಂಡು ಮನೆಗೆ ಬರುವುದಿಲ್ಲ ಎಂದು ಸುತ್ತಲ ಹಳ್ಳಿಗಳಲ್ಲಿ ಮಾತಿತ್ತು. ಆಗ ಸೂಲಗಿತ್ತಿ ದ್ಯಾಮವ್ವನನ್ನು ಹುಡುಕಿಕೊಂಡು ನಾನೇ ಅವಳ ಹಳ್ಳಿಗೆ ಹೋದೆ. ಲಿಂಗಸುಗೂರಿನ ಆಸುಪಾಸಿನಲ್ಲಿ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಬಿದ್ದವರು. "ಕರ್ಕೊಂಡು ಬರ್ತೀನಿ. ಆದ್ರ ನಾನೂ ಒಳಗ ಇರ್ತೀನಿ. ಹೊರಗ ಕುಂದ್ರಂದ್ರ ಒಬ್ಬಾಕೀನೂ ಬರಂಗಿಲ್ಲ ನೋಡು" ಎಂದಳು. ನಾನು ಒಪ್ಪಿ ಮಾತು ಕೊಟ್ಟೆ.

ಪುಸ್ತಕ ಕಲಿಸದ್ದನ್ನು ಅವಳು ಕಲಿಸಿದಳು. ಬಸುರಿಯ ಹೊಟ್ಟೆಗೆ ಹರಳೆಣ್ಣೆ ಸವರಿ, ಅದರ ಮೇಲೆ ನನ್ನ ಬಲಗೈ ಇರಿಸಿ, ನನ್ನ ಕೈ ಮೇಲೆ ತನ್ನ ಬಲಗೈ ಇಡುತ್ತಿದ್ದಳು. ಅವಳ ಕಿರುಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅದು ನನ್ನ ಮಣಿಕಟ್ಟಿಗೆ ಒತ್ತುತ್ತಿತ್ತು. "ಕಣ್ಣು ಮುಚ್ಚು. ಕೂಸು ಕೈಗಿ ಕಾಣತೈತಿ, ಕಣ್ಣಿಗಲ್ಲ. ಏ, ಮೆಲ್ಲಕ! ರೊಟ್ಟಿ ಹಿಟ್ಟು ನಾದಾಕತ್ತೀ ಏನು?" ಎಂದು ಬೈಯುತ್ತಿದ್ದಳು. ತಾಯಿಯೂ ನೋವಿನ ನಡುವೆ ನಗುತ್ತಿದ್ದಳು.

ನಾಲ್ಕು ತಿಂಗಳಾದ ಮೇಲೆ ದೊಡ್ಡ ಡಾಕ್ಟರಮ್ಮ ಒಂದು ಉರ್ದು ಕಾಗದ ತಂದು ನನ್ನ ಮುಂದಿಟ್ಟರು. ದ್ಯಾಮವ್ವನಿಗೆ ದವಾಖಾನೆಯ ಒಳಗೆ ಬರಲು ಸರ್ಕಾರದ ಪರವಾನಗಿ ಕೊಡಿಸುತ್ತೇನೆ, ಅವಳ ಜೊತೆ ಕೆಲಸ ಮಾಡಿದವಳೆಂದು ನೀನು ಸಾಕ್ಷಿ ಹಾಕು ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಏನು ಬರೆದಿದೆ ಎಂದು ಕೇಳಲೂ ಇಲ್ಲ, ಸಹಿ ಹಾಕಿದೆ.

ಅದು ಪರವಾನಗಿಯ ಅರ್ಜಿಯಲ್ಲ ಎಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಹಿಂದಿನ ವಾರ ದವಾಖಾನೆಯಲ್ಲಿ ಒಬ್ಬ ಬಾಣಂತಿ ಜ್ವರ ಬಂದು ತೀರಿಕೊಂಡಿದ್ದಳು. ಅವಳ ಹೆರಿಗೆ ಮಾಡಿಸಿದವರು ಸ್ವತಃ ದೊಡ್ಡ ಡಾಕ್ಟರಮ್ಮ. ದ್ಯಾಮವ್ವ ಆ ದಿನ ಊರಲ್ಲೇ ಇರಲಿಲ್ಲ. ಕಾಗದದಲ್ಲಿ ಮಾತ್ರ, ದ್ಯಾಮವ್ವನ ಹೊಲಸು ಕೈಯಿಂದ ಜ್ವರ ಬಂತು, ನಾನು ಕಣ್ಣಾರೆ ಕಂಡಿದ್ದೇನೆ ಎಂದಿತ್ತು. ಪೊಲೀಸ್ ಅಮೀನ ಬಂದು, ಇನ್ನು ಮೇಲೆ ಬಸುರಿಯರನ್ನು ಮುಟ್ಟುವುದಿಲ್ಲವೆಂದು ದ್ಯಾಮವ್ವನ ಹೆಬ್ಬೆಟ್ಟು ಒತ್ತಿಸಿಕೊಂಡ. ಸಾಕ್ಷಿಯೆಂದು ನನ್ನ ಹೆಸರನ್ನೂ ಓದಿ ಹೇಳಿದನಂತೆ.

ನಾನು ಅಳುತ್ತ ದೊಡ್ಡ ಡಾಕ್ಟರಮ್ಮನ ಬಳಿ ಹೋದೆ. ನೀನು ಓದದೆ ಸಹಿ ಹಾಕಿದರೆ ಅದು ನನ್ನ ತಪ್ಪೇ ಎಂದು ಕೇಳಿದರು. ಬಾಯಿ ಬಿಟ್ಟರೆ ಸರ್ಟಿಫಿಕೇಟು ಸಿಗುವುದಿಲ್ಲ ಎಂದೂ ತಣ್ಣಗೆ ಹೇಳಿದರು. ತಾಯಿಯಂತೆ ನಂಬಿದ್ದೆ ಆಕೆಯನ್ನು. ಮೋಸ ಹೋದೆ ಎಂದು ಊಟ ಬಿಟ್ಟೆ. ಆದರೆ ಬಾಯಿ ಬಿಡಲಿಲ್ಲ. ಅದನ್ನೂ ಇಲ್ಲಿ ಬರೆಯಬೇಕು. ಮರುವಾರ ಮಸ್ಕಿಗೆ ಹೋಗು ಎಂದರು, ಹೋದೆ.

ಯಂಕಮ್ಮ ಬಂದದ್ದು ಅಲ್ಲಿಗೆ. ಹೊಟ್ಟೆ ಮುಟ್ಟಿದೊಡನೆ ತಿಳಿಯಿತು, ಕೂಸು ಅಡ್ಡ ಮಲಗಿತ್ತು. ನೀರು ಇನ್ನೂ ಒಡೆದಿರಲಿಲ್ಲ. ಒಡೆಯುವುದರೊಳಗೆ ಹೊರಗಿನಿಂದಲೇ ಕೂಸನ್ನು ತಿರುಗಿಸಬೇಕು, ಇಲ್ಲವಾದರೆ ಇಬ್ಬರೂ ಹೋಗುತ್ತಾರೆ. ಲಿಂಗಸುಗೂರಿಗೆ ಎತ್ತಿನ ಗಾಡಿಯಲ್ಲಿ ಒಯ್ಯುವಷ್ಟು ಹೊತ್ತಿರಲಿಲ್ಲ. ಎರಡು ಸಲ ತಿರುಗಿಸಲು ನೋಡಿದೆ. ಎರಡು ಸಲವೂ ಕೂಸು ಜಾರಿ ಮೊದಲಿನ ಜಾಗಕ್ಕೇ ಬಂತು. "ಆಗತೈತೇನ್ರೀ, ಇಲ್ಲಂದ್ರ ಇಲ್ಲ ಅನ್ರಿ. ನನ್ನ ಮಗಗ ಹೇಳಿ ಕಳಿಸ್ತೀನಿ" ಎಂದಳು ಅತ್ತೆ. ಕಣ್ಣು ಮುಚ್ಚಿ ಮತ್ತೆ ಕೈ ಇಟ್ಟೆ.

ಆಗ ನನ್ನ ಬಲಗೈ ಮೇಲೆ ಇನ್ನೊಂದು ಕೈ ಬಂತು.

ಬೆಚ್ಚಗಿತ್ತು, ಒರಟಾಗಿತ್ತು. ಸೊಟ್ಟ ಬೆರಳು ಮಣಿಕಟ್ಟಿಗೆ ಒತ್ತಿತು. ನಾನು ಹೆದರಲಿಲ್ಲ. ಅಷ್ಟು ಪರಿಚಯದ ಭಾರ ಅದು. ಆ ಕೈ ತಡೆದಲ್ಲಿ ತಡೆದೆ, ಜರುಗಿದಲ್ಲಿ ಜರುಗಿದೆ. ಕಣ್ಣು ಮುಚ್ಚಿಯೇ ಇದ್ದ ಯಂಕಮ್ಮ ನರಳಿದಳು: "ಎಲ್ಲಾರೂ ಕೈ ಇಡಬ್ಯಾಡ್ರೆವ್ವಾ, ಭಾರ ಆಗತೈತಿ. ಒಬ್ಬಾಕಿ ತಗೀರಿ." ಅತ್ತೆ, "ನಾ ಎಲ್ಲಿ ಇಟ್ಟೀನಬೇ? ನಿನ್ನ ತಲೀ ಹಿಡ್ಕೊಂಡೀನಿ" ಎಂದಳು. ಅಷ್ಟರಲ್ಲಿ ಕೂಸು ಹೊಟ್ಟೆಯೊಳಗೆ ಹೊರಳಿ, ತಲೆ ಕೆಳಗಾಯಿತು. ಕಣ್ಣು ಬಿಟ್ಟೆ. ನನ್ನ ಕೈ ಮೇಲೆ ಏನೂ ಇರಲಿಲ್ಲ. ಹೊತ್ತು ಮುಳುಗುವ ಮುಂಚೆ ಹೆಣ್ಣು ಕೂಸು ಹುಟ್ಟಿತು.

ದ್ಯಾಮವ್ವ ತೀರಿಕೊಂಡಿರಬೇಕು ಎಂದೇ ನನ್ನ ಎದೆ ಹೇಳಿತು. ಮೂರನೆಯ ದಿನ ಅವಳ ಹಳ್ಳಿಗೆ ಓಡಿದೆ. ಅವಳು ಗಟ್ಟಿಮುಟ್ಟಾಗಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ, "ಕಾಗದಾ ಓದಾಕ ಬರಲ್ದಾಕಿ ಡಾಕ್ಟರ್ ಹೆಂಗ ಆದಿ?" ಎಂದಳು. ಕಾಲು ಹಿಡಿಯಲು ಹೋದರೆ ಮೊರ ಅಡ್ಡ ಹಿಡಿದಳು. ಮಸ್ಕಿಯಲ್ಲಿ ನಡೆದದ್ದನ್ನು ಹೇಳಿದೆ. ಆ ಮಧ್ಯಾಹ್ನ ಹತ್ತು ಜನರ ಜೊತೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದೆ ಎಂದಳು. ಆಮೇಲೆ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನಾ ಬಂದಿಲ್ಲ. ಬರೂವಂಗಿದ್ರೂ ನಿನ್ನಂತಾಕಿ ಹತ್ರ ಬರ್ತಿದ್ದಿಲ್ಲ. ನಡಿ."

ಆ ವಾರವೇ ತಹಶೀಲ್ದಾರ ಕಚೇರಿಗೆ ಹೋಗಿ, ನನ್ನ ಸಾಕ್ಷಿ ಸುಳ್ಳೆಂದು ಬರೆದುಕೊಟ್ಟೆ. ನನ್ನನ್ನು ದವಾಖಾನೆಯಿಂದ ತೆಗೆದರು. ದ್ಯಾಮವ್ವನ ಮೇಲಿನ ನಿರ್ಬಂಧ ಮಾತ್ರ ತೆಗೆಯಲಿಲ್ಲ. ಉಳಿದ ಕಲಿಕೆಯನ್ನು ಬಳ್ಳಾರಿಯಲ್ಲಿ ಮುಗಿಸಿದೆ. ಆ ಕೈ ಯಾರದು, ಬೈದು ಕಳಿಸಿದವಳದೇ ಆದರೆ ಅವಳಿಗೇ ಗೊತ್ತಿಲ್ಲದೆ ಹೇಗೆ ಬಂತು, ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಭ್ರಮೆ ಎಂದುಕೊಳ್ಳೋಣವೆಂದರೆ ಯಂಕಮ್ಮನಿಗೂ ಭಾರವಾಯಿತಲ್ಲ?

ಎರಡು ವರ್ಷದ ಮೇಲೆ ನಾನು ಸಿಂಧನೂರಿನಲ್ಲಿ ಸ್ವಂತ ದವಾಖಾನೆ ಇಟ್ಟಾಗ ಒಂದು ಬೆಳಿಗ್ಗೆ ದ್ಯಾಮವ್ವ ಗಾಡಿಯಿಂದ ಇಳಿದಳು. ಜೊತೆಗೆ ಚೊಚ್ಚಲ ಬಸುರಿ ಮೊಮ್ಮಗಳು. ಅವಳನ್ನು ಒಳಗೆ ಕಳಿಸಿ, ತಾನು ಹೊರಗೆ ಬೇವಿನ ಬುಡದಲ್ಲಿ ಕೂತಳು. ಒಳಗೆ ಬಾ ಎಂದು ಎರಡು ಸಲ ಕರೆದೆ. "ಬಸುರೇರ್ನ ಮುಟ್ಟಂಗಿಲ್ಲಂತ ಹೆಬ್ಬೆಟ್ಟು ಒತ್ತೀನಿ" ಎಂದಳು. ಮಧ್ಯಾಹ್ನ ಗಂಡು ಕೂಸು ಅತ್ತಿತು. ಬಾಣಂತಿಯ ಆರೈಕೆ ಮುಗಿಸಿ, ಕೂಸನ್ನು ಎತ್ತಿಕೊಂಡು ಹೊರಗೆ ಬಂದೆ. ದ್ಯಾಮವ್ವ ಅಳು ಕೇಳಿದೊಡನೆ ಎದ್ದಿರಬೇಕು, ಲಿಂಗಸುಗೂರಿನ ದಾರಿ ಹಿಡಿದು ಬಹಳ ದೂರ ಹೋಗಿದ್ದಳು.