ಎಡಗೈ ಬಿದ್ದ ಮೇಲೆ

ಲಕ್ವ ಹೊಡೆದು ನನ್ನ ಎಡಗೈ, ಎಡಗಾಲು ಬಿದ್ದಾಗ ಮಧುಗಿರಿ ಆಸ್ಪತ್ರೆಗೆ ನೋಡಲು ಬಂದವರೆಲ್ಲ ಒಂದೇ ಮಾತು ಆಡಿದರು. "ಬಲಗೈ ಉಳ್ಕಂತಲ್ಲ ಬುಡಕ್ಕ, ಮುದ್ದೆ ನೀನೇ ಮುರ್ಕಂಡು ಉಣ್ತೀಯ." ಮಾತೂ ಉಳಿದಿತ್ತು. ಅದು ಹೋಗಿದ್ದರೆ ಚೆನ್ನಾಗಿತ್ತು ಎಂದು ನನ್ನ ಸೊಸೆ ಅಂದುಕೊಂಡಿದ್ದರೂ ತಪ್ಪಿಲ್ಲ.

ಉಣ್ಣುವುದೇನೋ ಸರಿ. ಉಂಡದ್ದು ಹೊರಗೆ ಹೋಗಬೇಕಲ್ಲ. ತೊಳೆದುಕೊಳ್ಳುವ ಕೈ ಎಡಗೈ. ಅದು ಎತ್ತಿ ಇಟ್ಟ ಕಡೆ ಬಿದ್ದಿರುತ್ತಿತ್ತು. ಪುರವರದ ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಸೊಸೆ ನನ್ನನ್ನು ಹಿಡಿದುಕೊಂಡು ಹೋಗಿ, ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಆಮೇಲೆ ಅವಳೇ ತೊಳೆಯುತ್ತಿದ್ದಳು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಸಿಂಡರಿಸಿದ್ದರೆ ಬೈದಾದರೂ ಹಗುರವಾಗುತ್ತಿದ್ದೆ. ನಾನು ಉಣ್ಣುವುದನ್ನೇ ಕಡಿಮೆ ಮಾಡಿದೆ. ಹಸಿವಿಲ್ಲ ಅಂದರೆ ಎಲ್ಲರೂ ನಂಬಿದರು.

ಆಮೇಲೆ ಆಸ್ಪತ್ರೆಯವರು ಕಳಿಸಿದರೆಂದು ಒಬ್ಬ ಹುಡುಗಿ ಸ್ಕೂಟಿಯಲ್ಲಿ ಬರತೊಡಗಿದಳು. ಶಿರಾ ಟೌನಿನ ಮುಸಲ್ಮಾನರ ಮನೆಯವಳು. ಕೈಕಾಲು ನೀವುವವಳು ಅಂದುಕೊಂಡೆ. ಅಲ್ಲವಂತೆ. ನಮ್ಮ ದಿನದ ಕೆಲಸ ನಾವೇ ಮಾಡಿಕೊಳ್ಳುವುದನ್ನು ಕಲಿಸುವವಳಂತೆ, ಆಕ್ಯುಪೇಶನಲ್ ಥೆರಪಿ ಅಂತ ಅದಕ್ಕೆ ಹೆಸರಂತೆ.

"ಅಜ್ಜಿ, ಮೊದ್ಲು ಯಾವ ಕೆಲ್ಸ ಕಲೀಬೇಕು ಅಂತೀರ?" ಅಂದಳು.

ಮಗ ನಡುವೆ ಬಾಯಿ ಹಾಕಿದ. "ಹೂ ಕಟ್ಟಾದು ಕಲ್ಸಿ ಮೇಡಂ. ಚೆನ್ನಾಗಿ ಕಟ್ತಿದ್ಲು."

"ಹೂ ಕಟ್ಟಿ ಯಾರ್ನ ಮೆಚ್ಚಿಸ್ಲಿ, ಸುಮ್ಕಿರ್ಲಾ," ಅಂದೆ. "ತಾಯಿ, ನಂಗೆ ತಿಕ ತೊಳ್ಕಳಾದು ಕಲ್ಸು."

ಮಗ ಎದ್ದು ಹೊರಗೆ ಹೋದ. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹುಡುಗಿ ನಗಲಿಲ್ಲ.

"ಬಲಗೈಲಿ ಮಾಡಿ, ಸೋಪು ಹಾಕಿ ತೊಳ್ಕಂಡ್ರೆ ಆಗಲ್ವಾ ಅಜ್ಜಿ?"

"ಉಣ್ಣೋ ಕೈ ಕಣಮ್ಮ ಅದು. ನೀನು ಮಾಡ್ತೀಯ?"

"ಇಲ್ಲ," ಅಂದಳು. "ಕೈ ಎಷ್ಟು ಬರುತ್ತೋ ಈಗ್ಲೇ ಹೇಳಕ್ಕಾಗಲ್ಲ. ಬಂದಷ್ಟರಲ್ಲಿ ದಾರಿ ನೋಡಾಣ."

ಅಷ್ಟರಲ್ಲಿ ಎಡಗೈ ಬೆರಳು ಒಂಚೂರು ಆಡತೊಡಗಿತ್ತು. ಮೊದಲು ಮೊರದಲ್ಲಿ ಕಡಲೆಕಾಯಿ ಹರಡಿ ಎಡಗೈಯಲ್ಲಿ ಆರಿಸಿ ಬಟ್ಟಲಿಗೆ ಹಾಕಿಸಿದಳು. ಬೆರಳು ಒಂದು ಹಿಡಿದರೆ ಎರಡು ಬೀಳಿಸುತ್ತಿತ್ತು. ಆಮೇಲೆ ಕೂತಲ್ಲೇ ಬಲಕ್ಕೆ ವಾಲಿ ಎಡಗಡೆ ಕುಂಡಿ ಎತ್ತುವುದು. ಅದು ಬಂದ ಮೇಲೆ ನನ್ನ ಸೊಂಟದ ಹಿಂದೆ ಒಂದು ಬಟ್ಟೆ ಸಿಕ್ಕಿಸಿ, ಎಡಗೈ ಹಿಂದಕ್ಕೆ ಹಾಕಿ ಎಳೆದು ತೆಗೆಯಿರಿ ಅನ್ನುತ್ತಿದ್ದಳು. ಪಕ್ಕದ ಮನೆಯವಳು ಸಕ್ಕರೆ ಕೇಳಲು ಬಂದವಳು ನೋಡಿದಳು.

"ಇದೇನಕ್ಕ, ಬಾಲ ಕಟ್ಕಂಡಿದೀಯ?"

"ಊಂ ಕಣೆ. ನಿನ್ನ ನೋಡಿ ಕಲ್ತೆ."

ದಿನಾ ಸಿಟ್ಟು ಬರುತ್ತಿತ್ತು. ಹುಡುಗಿ ಇಲ್ಲದಾಗ ಸೊಸೆ ಬಟ್ಟೆ ಸಿಕ್ಕಿಸುತ್ತಿದ್ದಳು. ಕೈ ಮೊದಲಿನ ಹಾಗೆ ಆಗಲಿಲ್ಲ, ಆಗುವುದೂ ಇಲ್ಲ. ಆದರೆ ಬಟ್ಟೆ ಎಳೆಯುವಷ್ಟು ಆಯಿತು.

ಒಂದು ಬೆಳಿಗ್ಗೆ ಸೊಸೆಗೆ ಬಾಗಿಲು ಹಾಕಿಕೊಂಡು ಆಚೆ ನಿಲ್ಲು ಅಂದೆ. ಹುಡುಗಿ ಹೇಳಿಕೊಟ್ಟ ಹಾಗೆ ಬಲಗಡೆ ಗೋಡೆಗೆ ಒರಗಿ, ಬಲಗೈಯಲ್ಲಿ ಚೊಂಬಿನ ನೀರು ಬಿಟ್ಟೆ. ಎಡಗೈ ಹಿಂದಿನಿಂದ ನಡುಗುತ್ತಾ ಬಂತು. ಅರ್ಧ ನೀರು ಸೀರೆಗೆ ಹೋಯಿತು. ಇನ್ನೊಂದು ಚೊಂಬು ಹಾಕಿದೆ. ಆಯಿತು. ಸರಿಯಾಗಿಯೇ ಆಯಿತು.

"ಅತ್ತೆ, ಬರ್ಲಾ ಒಳಕ್ಕೆ?"

"ಬರ್ಬೇಡ. ಆಯ್ತು."

"ಆಯ್ತಾ? ನೀವೇನಾ?"

"ಇನ್ಯಾರು ಬರ್ತಾರೆ ಇಲ್ಲಿಗೆ? ಹೋಗಿ ಒಲೆ ನೋಡ್ಕ."

ಅವಳು ಹೋಗಲಿಲ್ಲ. ಬಾಗಿಲ ಆಚೆ ಮೂಗು ಸೊರಗುಟ್ಟುವುದು ಕೇಳಿಸಿತು. ಅವಳಿಗೂ ಸಾಕಾಗಿತ್ತು, ಪಾಪ, ಹೇಳಿರಲಿಲ್ಲ ಅಷ್ಟೆ. ನಾನು ಒದ್ದೆ ಸೀರೆಯಲ್ಲೇ ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ. ಲಕ್ವ ಹೊಡೆದ ಮೇಲೆ ಬಾಗಿಲು ಹಾಕಿಕೊಂಡು ಒಬ್ಬಳೇ ಕೂತದ್ದು ಅದೇ ಮೊದಲು.