ಮೇಜಿನ ನಡುವಿಗೆ ಬಿದ್ದ ಕಲ್ಲುಗಳು

ಅಪ್ಪನಿಗೆ ಸ್ಟ್ರೋಕ್ ಆಗಿ, ಅತ್ತಾವರದ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನಗೆ ತಿಳಿಯಬೇಕಾಗಿದ್ದುದು ಒಂದೇ: ಅವರು ಇನ್ನು ನಮ್ಮ ಜೊತೆ ಆಡಬಲ್ಲರೋ ಇಲ್ಲವೋ. ಮಾತು ಹೋಗಿತ್ತು. ಬಲಗೈ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ನೋಡಲು ಬಂದವರು ನಡೆಯುತ್ತಾರಾ, ಮಾತು ಬರುತ್ತದಾ ಎಂದು ಕೇಳುತ್ತಿದ್ದರು. ವೈದ್ಯರು ಹೇಳಿದ್ದನ್ನೇ ನಾನು ಹೇಳುತ್ತಿದ್ದೆ. ನನ್ನ ಪ್ರಶ್ನೆಯನ್ನು ಮಾತ್ರ ಯಾರಲ್ಲೂ ಕೇಳಲಿಲ್ಲ. ಅಂಥ ಹೊತ್ತಿನಲ್ಲಿ ಆಟದ ವಿಷಯ ಎತ್ತುವುದು ಸಣ್ಣತನದಂತೆ ಕಾಣುತ್ತಿತ್ತು.

ಆಟವೆಂದರೆ ಮಹ್ಜಾಂಗ್, ಚಿತ್ರ ಕೆತ್ತಿದ ಪುಟ್ಟ ಬಿಲ್ಲೆಗಳಿಂದ ನಾಲ್ವರು ಆಡುವಂಥದ್ದು. ಕುದ್ರೋಳಿಯ ನಮ್ಮ ಮನೆಯಲ್ಲಿ ಅದನ್ನು ‘ಕಲ್ಲು’ ಎಂದಷ್ಟೇ ಕರೆಯುತ್ತೇವೆ. ಊಟವಾದ ಮೇಲೆ ಕಲ್ಲು ಉಂಟಾ, ಇವತ್ತು ಕಲ್ಲಿಗೆ ಮಾಮ ಬರ್ತಾರಾ, ಹೀಗೆ. ಅಪ್ಪ ಜಪಾನಿನವರ ಸರಕು ಹಡಗಿನಲ್ಲಿ ಕೆಲಸಕ್ಕಿದ್ದರು. ಅಲ್ಲಿಯ ಅಡುಗೆಯವನು ಚೀನಾದವನು. ಕೆಳಗಿನ ಊಟದ ಕೋಣೆಯಲ್ಲಿ ಅವನು ಮತ್ತು ಅವನ ಊರಿನವರು ಆಡುತ್ತಿದ್ದರು. ಅಪ್ಪ ಕಲಿತದ್ದು ಅವರಿಂದ. ರಮ್ಮಿ ಬಲ್ಲವರಿಗೆ ಇದು ಕಷ್ಟವಲ್ಲ. ಒಂದು ಕಲ್ಲು ಎತ್ತಬೇಕು, ಬೇಡದ್ದನ್ನು ಬಿಡಬೇಕು, ಮೂರು ಮೂರರ ಗುಂಪುಗಳನ್ನೂ ಕೊನೆಗೊಂದು ಜೋಡಿಯನ್ನೂ ಕೂಡಿಸಬೇಕು. ಚೀನಾದವರು ಬೇಡದ ಕಲ್ಲನ್ನು ಮೇಜಿನ ನಡುವಿಗೆ ಟಪ್ಪೆಂದು ಎಸೆಯುತ್ತಿದ್ದರಂತೆ. ಎಲ್ಲರದ್ದೂ ಒಂದೇ ರಾಶಿ.

ಮುಂದೊಂದು ದಿನ ಮೇಲಿನ ಕೋಣೆಯಲ್ಲಿ ಜಪಾನಿ ಅಧಿಕಾರಿಗಳಿಗೆ ಒಬ್ಬ ಆಟಗಾರ ಕಡಿಮೆಯಾಗಿ ಅಪ್ಪನನ್ನು ಕರೆದರು. ಅಲ್ಲಿಯೂ ಅದೇ ಆಟ, ಅವೇ ಕಲ್ಲುಗಳು. ಆದರೆ ಬಿಟ್ಟ ಕಲ್ಲನ್ನು ಪ್ರತಿಯೊಬ್ಬರೂ ತಮ್ಮ ಎದುರಿಗೇ ಸಾಲಾಗಿ ಇಡುತ್ತಿದ್ದರು. ಯಾರು ಯಾವಾಗ ಏನು ಬಿಟ್ಟರು ಎಂದು ಯಾರು ಬೇಕಾದರೂ ಓದಬಹುದಿತ್ತು. ಅದಕ್ಕೆ ಹೊಂದಿಕೊಂಡು ಒಂದು ನಿಯಮವೂ ಇತ್ತು: ನೀನು ಒಮ್ಮೆ ಬಿಟ್ಟದ್ದನ್ನೇ ಇನ್ನೊಬ್ಬರು ಬಿಟ್ಟಾಗ ಎತ್ತಿಕೊಂಡು ಗೆಲ್ಲುವಂತಿಲ್ಲ. ಕೆಳಗಿನ ಕೋಣೆಯವರಿಗೆ ಅಂಥ ಕಟ್ಟುಪಾಡಿರಲಿಲ್ಲ. “ಚೀನಾದಿಂದ ಹೊರಟ ಆಟ ಜಪಾನಿಗೆ ಹೋಗಿ, ಕಾಲು ತೊಳೆದು ಚಾಪೆಯಲ್ಲಿ ಕೂತಿತು” ಎಂದು ಅಪ್ಪ ನಗುತ್ತಿದ್ದರು. ನಮಗೆ ಕಲಿಸಿದ್ದು ಕಾಲು ತೊಳೆದ ಆಟವನ್ನು.

ಅಮ್ಮ ಹೊಳೆಯಾಚೆಯ ಬೆಂಗ್ರೆಯವರು. ಮಳೆ ಸುರಿಯುವ ಆಟಿ ತಿಂಗಳಲ್ಲಿ, ಗುಳಿಗಳಿಗೆ ಬೀಜ ಹಂಚುವ ಚೆನ್ನೆಮಣೆ ಆಡಿ ಬೆಳೆದವರು, ಬೀಜ ಎಣಿಸುವುದರಲ್ಲಿ ಅವರಿಗೆ ಮೋಸ ಮಾಡಲಾಗದು. ಮಹ್ಜಾಂಗ್ ನಿಯಮಗಳಲ್ಲಿ ಅಪ್ಪನಿಗಿಂತ ಅವರೇ ಕಟ್ಟುನಿಟ್ಟು. ಅವರ ತಮ್ಮ, ನನ್ನ ಮಾಮ, ಭಾನುವಾರ ಬಲೆಯ ಕೆಲಸ ಮುಗಿಸಿ ದೋಣಿಯಲ್ಲಿ ಹೊಳೆ ದಾಟಿ ಬರುತ್ತಾರೆ. ಅಪ್ಪ, ಅಮ್ಮ, ಮಾಮ, ನಾನು. ನಾಲ್ಕು ದಿಕ್ಕು ಭರ್ತಿ.

ಆಸ್ಪತ್ರೆಯಿಂದ ಬಂದ ಮೇಲಿನ ಕೆಲವು ಭಾನುವಾರ ಪೆಟ್ಟಿಗೆಯನ್ನು ಯಾರೂ ತೆಗೆಯಲಿಲ್ಲ. ಕೊನೆಗೆ ಮಾಮನೇ ಹೇಳಿದರು.

“ಜಪಾನಿನಲ್ಲಿ ಮೂರು ಜನ ಆಡುವುದೂ ಉಂಟಂತಲ್ಲ. ಭಾವನೇ ಹೇಳಿದ್ದು. ಒಂದಷ್ಟು ಕಲ್ಲು ತೆಗೆದಿಟ್ಟರಾಯ್ತು.”

ಅಮ್ಮ ಕೆಲವು ಕಲ್ಲುಗಳನ್ನು ಹೆಕ್ಕಿ ಬದಿಗಿಟ್ಟರು. ಉಳಿದವನ್ನು ಮಗುಚಿ ಹಾಕಿ ಕಲೆಸತೊಡಗಿದೆವು. ಆ ಸದ್ದು ಕೇಳಿದ್ದೇ ಒಳಗಿನ ಮಂಚದಿಂದ ಅಪ್ಪ ಗಂಟಲಲ್ಲಿ ಏನೋ ಮಾಡಿದರು. ಮಾತಲ್ಲ, ಕೆಮ್ಮೂ ಅಲ್ಲ. ಮೂವರ ಕೈಯೂ ನಿಂತಿತು.

ಮಾಮ ಮತ್ತು ನಾನು ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಂದೆವು. ಅಮ್ಮ ತೆಗೆದಿಟ್ಟ ಕಲ್ಲುಗಳನ್ನು ಮತ್ತೆ ಸೇರಿಸಿದರು.

ಅಪ್ಪ ಎಡಗೈಯಿಂದ ಕಲ್ಲು ಎತ್ತಿದರು. ನೋಡಲಿಲ್ಲ, ಹೆಬ್ಬೆರಳಿನಿಂದ ಅದರ ಮುಖವನ್ನು ಸವರಿದರು. ಹಾಗೆ ಮಾಡುವುದನ್ನು ನಾನು ಮೊದಲೆಂದೂ ಕಂಡಿರಲಿಲ್ಲ. ಆಮೇಲೆ ತಮ್ಮ ಪಾಲಿನ ಕಲ್ಲುಗಳಿಂದ ಇನ್ನೊಂದನ್ನು ತೆಗೆದು ಮೇಜಿನ ನಡುವಿಗೆ ಎಸೆದರು.

ಅಮ್ಮ ಅದನ್ನು ಎತ್ತಿ ಅಪ್ಪನ ಎದುರಿಗೆ ನೆಟ್ಟಗೆ ಇಟ್ಟರು. ಮುಂದಿನದೂ ನಡುವಿಗೇ ಬಿತ್ತು. ಅದನ್ನೂ ಸಾಲಿಗೆ ಸೇರಿಸಿದರು. ಮೂರನೆಯದನ್ನು ಜೋಡಿಸುವಾಗ ಅಪ್ಪ ಮೊಣಕೈಯಿಂದ ಸಾಲನ್ನೇ ನಡುವಿಗೆ ತಳ್ಳಿಬಿಟ್ಟರು. ಸಿಟ್ಟಿನಿಂದಲ್ಲ. ಊಟದ ಎಲೆಯ ಬದಿಯ ಕಸವನ್ನು ಆಚೆ ಸರಿಸುವಂತೆ.

“ಕೈ ಹತೋಟಿಯಲ್ಲಿ ಇಲ್ಲ ಅವರಿಗೆ,” ಎಂದರು ಅಮ್ಮ ತಗ್ಗಿದ ದನಿಯಲ್ಲಿ.

“ಕೈ ಸರಿಯೇ ಉಂಟು ಅಕ್ಕ. ಎಸೆದದ್ದು ನೋಡಿದೆಯಲ್ಲ, ಮಡಿಲಿಗಾ ಬಿದ್ದದ್ದು? ನಾನು ಬಲೆ ಬೀಸಿದರೂ ಅಷ್ಟು ನೇರ ಬೀಳುವುದಿಲ್ಲ ಮಾರಾಯ್ತಿ.”

ಅಮ್ಮ ನಗಲಿಲ್ಲ. ಸಾಲು ಜೋಡಿಸುವುದನ್ನು ಮಾತ್ರ ಬಿಟ್ಟರು. ನಾನು ಅಪ್ಪನ ಕೈಯನ್ನೇ ನೋಡುತ್ತಿದ್ದೆ. ಅವರು ಬಿಟ್ಟ ಕಲ್ಲುಗಳಿಂದ ಏನೂ ಗೊತ್ತಾಗುತ್ತಿರಲಿಲ್ಲ. ತೋಚಿದ್ದನ್ನು ಎಸೆಯುತ್ತಿರಬಹುದು ಎಂದುಕೊಂಡೆ. ಇಸ್ಪೀಟಿನಲ್ಲಿ ಆಟೀನು, ಕಳಾವರ ಇದ್ದಂತೆ ಕಲ್ಲುಗಳಲ್ಲಿ ಬಿದಿರು ಒಂದು ಜಾತಿ, ಅದರ ಒಂದನೆಯ ಕಲ್ಲಿನಲ್ಲಿ ಬಿದಿರಿನ ಬದಲು ಹಕ್ಕಿಯ ಚಿತ್ರವಿರುತ್ತದೆ; ಅದನ್ನೂ ಎಸೆದರು.

ಬಹಳ ಹೊತ್ತಿನ ಮೇಲೆ ಮಾಮ ಇನ್ನೊಂದು ಹಕ್ಕಿಯನ್ನು ಬಿಟ್ಟರು. ಅಪ್ಪ ಕೈ ಚಾಚಿ ಅದನ್ನು ತೆಗೆದುಕೊಂಡರು. ಆಮೇಲೆ ತಮ್ಮ ಕಲ್ಲುಗಳನ್ನು ಒಂದೊಂದಾಗಿ, ಎಡಗೈಯಿಂದ, ನಿಧಾನಕ್ಕೆ ನಮ್ಮ ಕಡೆ ಮಗುಚಿದರು.

ನಾನು ಲೆಕ್ಕ ಹಾಕಿದೆ. ಮತ್ತೊಮ್ಮೆ ಹಾಕಿದೆ. ಗುಂಪುಗಳು ಸರಿ ಇದ್ದವು. ಜೋಡಿ ಇತ್ತು. ಬಿದಿರಿನ ಎರಡನೆಯ, ಮೂರನೆಯ ಕಲ್ಲುಗಳ ಪಕ್ಕಕ್ಕೆ ಈಗ ಹಕ್ಕಿ ಬಂದು ಕೂತಿತ್ತು. ಒಂದೂ ಹೆಚ್ಚಿಲ್ಲ, ಒಂದೂ ತಪ್ಪಿಲ್ಲ.

“ಹಕ್ಕಿ ಭಾವನೇ ಬಿಸಾಡಿದ್ದಲ್ವಾ ಆಗ?” ಎಂದರು ಮಾಮ. ಅವರು ಆಕ್ಷೇಪಿಸಿದ್ದಲ್ಲ, ಅಭ್ಯಾಸದಿಂದ ಬಾಯಿಗೆ ಬಂದ ಮಾತು. ಆದರೆ ಕೇಳಿದ ಮೇಲೆ ಅದು ಮೇಜಿನ ಮೇಲೆ ಉಳಿಯಿತು. ನಡುವಿನ ರಾಶಿಯಲ್ಲಿ ಯಾರ ಕಲ್ಲು ಯಾವುದೆಂದು ಹೇಳುವಂತಿರಲಿಲ್ಲ.

ಅಮ್ಮ ನನ್ನ ಕಡೆ ತಿರುಗಿದರು. “ನೀನು ನೋಡ್ತಾ ಇದ್ದೆ ಮಗಾ. ಹೇಳು.”

ಅವರಿಗೆ ಯಾವ ಉತ್ತರ ಬೇಕಾಗಿತ್ತೋ ತಿಳಿಯದು.

“ಬಿಸಾಡಿದ್ದು ಹೌದು,” ಎಂದೆ. “ನಮ್ಮ ಲೆಕ್ಕದಲ್ಲಿ ಗೆದ್ದದ್ದಲ್ಲ. ಅಡುಗೆಯವನ ಲೆಕ್ಕದಲ್ಲಿ ಗೆದ್ದದ್ದು.”

ಅಪ್ಪ ನಮ್ಮ ಮಾತು ಕೇಳುತ್ತಿರಲಿಲ್ಲ. ಎದುರಿಗೆ ಕೂತ ಅಮ್ಮನನ್ನು ನೋಡುತ್ತಿದ್ದರು. ಆ ನೋಟದಲ್ಲಿ ಗೆಲುವಿನ ಸಣ್ಣ ಕುಚೋದ್ಯವಿತ್ತು. ಅದು ಹೆಂಡತಿಯನ್ನು ನೋಡುವ ನೋಟವಲ್ಲ, ಕೆಲಸ ಮುಗಿಸಿ ಬಂದು ಕೂತ ಜೊತೆಗಾರನನ್ನು ನೋಡುವುದು. ನಾವು ಯಾರೂ ಕಾಣದ, ಹಡಗಿನ ಆ ಕೆಳಗಿನ ಕೋಣೆಯಲ್ಲಿ ಅವರಿದ್ದರು. ಆಟ ಉಳಿದಿತ್ತು. ನಮಗೆಂದು ಅವರು ಜೋಡಿಸಿ ಕೊಟ್ಟ ಸಾಲುಗಳು ಉಳಿದಿರಲಿಲ್ಲ. ಅವರೊಮ್ಮೆ, ಒಂದೇ ಒಂದು ಸಲ, ಒಂದು ಕಲ್ಲನ್ನು ತಮ್ಮ ಎದುರಿಗೆ ನೆಟ್ಟಗೆ ಇಡಲಿ ಎಂದು ನಾನು ಇವತ್ತಿಗೂ ಪ್ರತಿ ಭಾನುವಾರ ಆಸೆಪಡುತ್ತೇನೆ. ಇಟ್ಟಿಲ್ಲ.

 ಅಮ್ಮ ಒಂದು ಕಲ್ಲನ್ನು ಕೈಗೆತ್ತಿಕೊಂಡು ನಡುವಿಗೆ ಎಸೆದು ನೋಡಿದರು. ಮೇಜಿಗೆ ದಪ್ಪ ಬೆಡ್‌ಶೀಟ್ ಹಾಸಿತ್ತು, ಟಪ್ಪೆನ್ನುವ ಸದ್ದೇ ಬರಲಿಲ್ಲ.

“ಕಲ್ಲೆಲ್ಲ ಒಮ್ಮೆ ಪೆಟ್ಟಿಗೆಗೆ ಹಾಕು,” ಎಂದರು ಮಾಮನಿಗೆ.

“ಎಂತಕ್ಕೆ? ಮುಗೀತಾ?”

“ಮುಗಿಯುವುದೆಂತ. ಈ ಬಟ್ಟೆ ತೆಗೀಬೇಕು.”

ಬಟ್ಟೆಯನ್ನು ಮಡಚಿ ಬದಿಗಿಟ್ಟು, ಬರಿಯ ಹಲಗೆಯ ಮೇಲೆ ಕಲ್ಲು ಸುರಿದು, ಅಮ್ಮ ಅಪ್ಪನಿಗೆ ಮೊದಲ ಸರದಿ ಕೊಟ್ಟರು.